ನಡುಮನೆಯ ದಾರಿ

"ಹೋಡಿ!" ಎಂದು ಕೂಗಿ ಮುದುಕಿ ಮ್ವಾನೈದಿ ಹೊಸ ಮನೆಯ ಬಾಗಿಲು ಬಡಿದಳು. ದಾರ್ ಎಸ್ ಸಲಾಮಿನ ಈ ಓಣಿಯಲ್ಲಿ ಯಾರ ಅಂಗಳ ದಾಟುವಾಗಲೂ ಹಾಗೆ ಕೂಗಿ ಅಪ್ಪಣೆ ಕೇಳುವುದು ವಾಡಿಕೆ. ಊರು ಬೆಳೆದೂ ಬೆಳೆದೂ ಈಗ ಓಣಿಗೇ ಅಡ್ಡವಾಗಿ ಈ ಮನೆ ಎದ್ದಿತ್ತು.

ಮಾಲೀಕ ಎಲಿನಾಮಿ ಬಾಗಿಲು ತೆರೆದು, ಅವಳ ಕೈಯಲ್ಲಿದ್ದ ಗಂಜಿ ಪಾತ್ರೆ ನೋಡಿ ಹಿಗ್ಗಿದ. "ನಮಗೆ ತಂದ್ರಾ ಅಜ್ಜಿ?"

"ನಿನಗ್ಯಾಕೋ, ಗೂಳಿ ಹಂಗಿದ್ದೀಯ! ಹಿಂದಿನ ಮನೇಲಿ ನನ್ನ ಗೆಳತಿ ಚೌಸಿಕು ಹಾಸಿಗೆ ಹಿಡಿದಿದ್ದಾಳೆ. ರಸ್ತೆ ಸುತ್ತಿ ಹೋದ್ರೆ ಗಂಜಿ ಆರುತ್ತೆ, ನನ್ನ ಮಂಡಿ ಕಳಚುತ್ತೆ. ಸರಿಯೋ ಆಚೆ."

ಅವನು ತಬ್ಬಿಬ್ಬಾಗಿರುವಾಗಲೇ ಅವಳು ಚಪ್ಪಲಿ ಕೈಗೆತ್ತಿಕೊಂಡು ನಡುಮನೆ ದಾಟಿ, ಅಡುಗೆಮನೆಯಲ್ಲಿದ್ದ ಅವನ ಹೆಂಡತಿಯ ಕ್ಷೇಮ ವಿಚಾರಿಸಿ, ಬೀಗ ಹಾಕಿದ್ದ ಹಿತ್ತಿಲ ಬಾಗಿಲ ಮುಂದೆ ನಿಂತಳು.

ಎಲಿನಾಮಿ ಬೀಗ ತೆಗೆದ. ಅವಳು ಗೆಳತಿಯ ಮನೆ ಸೇರುವವರೆಗೂ ನೋಡುತ್ತ ನಿಂತು, ಆಮೇಲೆ ಹೆಂಡತಿಯನ್ನು ಕರೆದ:

"ಲೇ, ಈ ಸೋಫಾ ಒಂಚೂರು ಹಿಡ್ಕೋ ಬಾ. ದಾರಿಗೆ ಅಡ್ಡ ಆಗಿದೆ."