ಸಡಿಲ ಬಟನ್

ಅಧಿಕಾರಿ ನಿವಾಸಿಗಳ ಸಂಘದ ಹನ್ನೆರಡು ಪುಟದ ಮನವಿಯನ್ನು ಬದಿಗೆ ಸರಿಸಿ, ದರ್ಜಿ ಅಕ್ಕ ಬಡಾವಣೆಯ ನಕ್ಷೆ ಹೊಲಿದು ತಂದಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು. ಫ್ಲ್ಯಾಟ್ ಕಟ್ಟಲು ಸರ್ಕಾರಿ ನಕ್ಷೆಯಲ್ಲಿ ‘ಖಾಲಿ ಜಾಗ’ ಎಂದು ತೋರಿಸಿದ್ದ ಪಾರ್ಕಿನ ತುಂಬ, ಇಲ್ಲಿ ಮರಕ್ಕೊಂದರಂತೆ ಹಸಿರು ಬಟನ್‌ಗಳಿದ್ದವು. “ಇದೆಲ್ಲ ಆಫೀಸಲ್ಲಿ ನಡೆಯಲ್ಲ ಅಕ್ಕ” ಎಂದು ದಾರಿಯುದ್ದಕ್ಕೂ ಗೊಣಗಿದ್ದ ಸಂಘದ ಕಾರ್ಯದರ್ಶಿ ಈಗ ತಾನೂ ಬಟ್ಟೆಯತ್ತ ಬಗ್ಗಿದ.

“ಇದೊಂದು ಬಟನ್ ಸಡಿಲ ಇದೆಯಲ್ಲಮ್ಮ?” ಅಧಿಕಾರಿ ಕೇಳಿದರು.

“ಆ ಮರ ವಾಲಿದೆ ಸಾರ್. ಗಟ್ಟಿಯಾಗಿ ಹೊಲಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ.”

ಅಧಿಕಾರಿ ನಕ್ಕು, ಸರ್ಕಾರಿ ನಕ್ಷೆ ತೆಗೆದು ಅದರಲ್ಲಿದ್ದ ‘ಖಾಲಿ ಜಾಗ’ವನ್ನು ಹೊಡೆದುಹಾಕಿ, ‘ಪಾರ್ಕು’ ಎಂದು ಬರೆದು ಸಹಿ ಹಾಕಿದರು.

ಕಾರ್ಯದರ್ಶಿ ಎದ್ದು ತನ್ನ ಕುರ್ಚಿಯನ್ನು ಅಕ್ಕನ ಕಡೆ ತಳ್ಳಿದ. ಸಂಘದ ಸಭೆಗಳಲ್ಲೆಲ್ಲ ಬಾಗಿಲ ಬಳಿ ನಿಂತೇ ಇರುತ್ತಿದ್ದವಳು ಸಂಕೋಚದಿಂದ ಕುರ್ಚಿಯ ಅಂಚಿನಲ್ಲಿ ಕೂತಳು.

“ಸರಿಯಾಗಿ ಕೂತ್ಕೊಳ್ಳಿ ಅಕ್ಕ. ಇನ್ಮೇಲೆ ಮನವಿ ನೀವೇ ಹೊಲೀರಿ, ನಾನು ಸೂಜಿಗೆ ದಾರ ಪೋಣಿಸಿಕೊಡ್ತೀನಿ.”