ಮೂರನೇ ಒಂದು ಪಾಲು

“ಯಜಮಾನ್ರು ಸ್ವಲ್ಪ ಹೊರಗಿರ್ಬೇಕು,” ಎಂದರು ನ್ಯಾಯಾಧೀಶ ಪೆಟಸ್. ಲೆಮ್ಯುಯೆಲ್ ಟೋಪಿ ಎತ್ತಿಕೊಂಡು, ಹೆಂಡತಿಯ ಮುಖ ನೋಡದೆ ಹೊರಟುಹೋದ.

ಕೋರ್ಟಿನ ಹಿಂದಿನ ಕೋಣೆಯಲ್ಲಿ ಡ್ರುಸಿಲಾ ಒಬ್ಬಳೇ ಉಳಿದಳು. ಪೆಟಸ್ ಕ್ರಯಪತ್ರ ಓದಿದರು: ಜೇಮ್ಸ್ ನದಿಯ ದಂಡೆಯ ಇನ್ನೂರು ಎಕರೆ, ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆ, ಪೀಚ್ ತೋಟ, ಒಂದು ಮನೆ, ಗುಲಾಮರು ಆರು ಮಂದಿ. ಆ ಆರು ಮಂದಿಯನ್ನು ಕೇಳುವ ಪದ್ಧತಿ ವರ್ಜೀನಿಯಾದಲ್ಲಿ ಇರಲಿಲ್ಲ. ಹೆಂಡತಿಯನ್ನು ಮಾತ್ರ, ಗಂಡ ಎದುರಿಗಿಲ್ಲದಾಗ, ಕೇಳಲೇಬೇಕಿತ್ತು. ಗಂಡ ಸತ್ತರೆ ಕಾನೂನಿನಂತೆ ಅವಳಿಗೆ ಬರಬೇಕಾದ ಮೂರನೇ ಒಂದು ಪಾಲಿನ ತಕರಾರು ಉಳಿದರೆ ಆ ಜಮೀನನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಜಮೀನು ಲೆಮ್ಯುಯೆಲ್‌ನ ಹೆಸರಿನಲ್ಲಿದ್ದರೂ, ಮಾರಲು ಹೇಳಿದವನು ಲಂಡನ್ನಿನಲ್ಲಿದ್ದ ಭಾವ ಜೋಸಯ್ಯ. ಅಪ್ಪ ಸತ್ತ ಮೇಲೆ ಲೆಮ್ಯುಯೆಲ್‌ನನ್ನು ಸಾಕಿದ ಅಣ್ಣ. ಅವನ ಕಾಗದ ಬಂದ ದಿನವೇ ಲೆಮ್ಯುಯೆಲ್ ‘ನಿಮ್ಮಿಷ್ಟದಂತೆ ಆಗಲಿ’ ಎಂದು ಬರೆದುಬಿಟ್ಟಿದ್ದ. ಆ ಮನೆಯಲ್ಲಿದ್ದವಳು ಅವರಿಬ್ಬರ ತಂಗಿ, ವಿಧವೆ ಕೆಟೂರಾ. ಅವಳು ಎಲ್ಲಿಗೆ ಹೋಗಬೇಕೆಂದು ಮೂರು ಹಾಳೆಯ ಕಾಗದದಲ್ಲಿ ಅಣ್ಣ ಎಲ್ಲೂ ಬರೆದಿರಲಿಲ್ಲ.

“ಯಾರಾದ್ರೂ ಹೆದರ್ಸಿದ್ರಾ ತಾಯಿ? ಮನಸಾರೆ ಒಪ್ತೀರಾ?”

ಒಪ್ಪದಿದ್ದರೆ ಅಣ್ಣನೆದುರು ಗಂಡನ ಮಾತು ಹೋಗುತ್ತದೆ. ಒಪ್ಪಿದರೆ ನಾದಿನಿಯ ಮನೆ.

“ಒಪ್ಪಲ್ಲ ಸ್ವಾಮಿ.”

ಪೆಟಸ್ ಕನ್ನಡಕ ತೆಗೆದರು. “ಇಪ್ಪತ್ತು ವರ್ಷದಲ್ಲಿ ಈ ಮಾತು ನಾನು ಕೇಳಿದ್ದೇ ಇಲ್ಲವಲ್ಲಮ್ಮ!”

“ಹಂಗಾದ್ರೆ ಇವತ್ತು ಕೇಳಿ.”

ಹೊರಗೆ ಲೆಮ್ಯುಯೆಲ್ ಕುದುರೆ ಕಟ್ಟುವ ಕಂಬಕ್ಕೆ ಒರಗಿ ನಿಂತಿದ್ದ. “ಸಹಿ ಹಾಕ್ಲಿಲ್ಲ ರೀ,” ಎಂದಳು ನೆಲ ನೋಡುತ್ತ. “ಬೈಯೋದಿದ್ರೆ ಇಲ್ಲೇ ಬೈದ್ಬಿಡಿ. ಮಕ್ಕಳ ಮುಂದೆ ಬೇಡ.”

ಅವನು ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡ. “ಅಣ್ಣಂಗೆ ಇಲ್ಲ ಅನ್ನೋಕೆ ನನ್ನ ನಾಲಿಗೆ ಏಳಲ್ಲ ಕಣೇ. ನೀನಾದ್ರೂ ಅನ್ಬೇಕು ಅಂತ ದಾರಿಯುದ್ದಕ್ಕೂ ದೇವ್ರನ್ನ ಬೇಡ್ಕೊಂಡು ಬಂದೆ.”

“ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮ್ಗೆ?”

“ಹೇಳಿದ್ರೆ ಅದು ನನ್ನ ಮಾತಾಗ್ತಿತ್ತಲ್ಲ! ನನ್ನ ತಂಗಿ ಮನೆ ನೀನು ಉಳಿಸ್ದೆ. ಈ ಋಣ ಹೆಂಗೆ ತೀರಿಸ್ಲಿ?”

ಗುಮಾಸ್ತನಿಂದ ಹಾಳೆ, ಮಸಿ ಇಸಿದುಕೊಂಡು ಅಲ್ಲೇ ಬರೆಯಲು ಕುಳಿತ. ಮೊದಲ ಸಾಲನ್ನು ಅವಳಿಗೆ ಓದಿ ಹೇಳಿದ: “ಅಣ್ಣಾ, ನನ್ನ ಹೆಂಡತಿ ಬಹಳ ಹಟಮಾರಿ.” ಆಮೇಲೆ ತಲೆಯೆತ್ತಿ, “‘ಬಹಳ’ ಒಂದು ಸಾಕಾಗುತ್ತಾ?” ಎಂದ.

ಡ್ರುಸಿಲಾ ಕಣ್ಣೊರೆಸಿಕೊಂಡಳು.

“ನಿಮ್ಮಣ್ಣನ್ನ ಒಪ್ಪಿಸ್ಬೇಕಲ್ಲ. ಇನ್ನೊಂದು ನಾಲ್ಕು ‘ಬಹಳ’ ಸೇರ್ಸಿ.”