ಬೂಸ್ಟಿನ ಜೊತೆ ಬೀಗತನ

ಬೇರಿಗೆ ಬೂಸ್ಟು, ಅಂದರೆ ಶಿಲೀಂಧ್ರ, ಹತ್ತಿ ಟೊಮೆಟೊ ಗಿಡಗಳು ಬುಡದಿಂದಲೇ ಬಾಡತೊಡಗಿದಾಗ ಜವರಮ್ಮ ಮಣ್ಣಿನೊಳಗಿನ ಜೀವಿಗಳೊಡನೆ ಮಾತಾಡುವ ಫೋನು ಎತ್ತಿ, ಬೇರು ಕಾಯುವ ಬ್ಯಾಕ್ಟೀರಿಯಾಗಳ ಯಜಮಾನನನ್ನು ಗದರಿದಳು. "ಬೂಸ್ಟು ಬೇರು ತಿಂತಾ ಅದೆ. ನೋಡ್ಕಂಡು ಕುಂತಿದ್ದೀರಲ್ಲ?"

"ಏನ್ ಮಾಡನವ್ವ, ಮೊನ್ನೆ ನನ್ ಮಗಳ್ನ ಅವರ ಮನೆಗೇ ಕೊಟ್ಟಿವ್ನಿ. ಬೀಗರ ಮೇಲೆ ಕೈ ಮಾಡಕಾಯ್ತದಾ?"

ಫಸಲೆಲ್ಲ ಹಾಳಾಗುವುದರಲ್ಲಿತ್ತು. ಗಂಡ ವಿಷ ಸಿಂಪಡಿಸೋಣವೆಂದ. ಹಾಗೆ ಮಾಡಿದರೆ ಎರಡೂ ಕಡೆಯವರು ಸಾಯುತ್ತಾರೆ. ಜವರಮ್ಮ, "ಬ್ಯಾಡ, ಬೀಗರೂಟ ನಾನೇ ಹಾಕ್ತೀನಿ" ಎಂದು ಬೆಲ್ಲ, ಕಡಲೆಹಿಟ್ಟು ಕದಡಿ ಹೊಲಕ್ಕೆ ಸುರಿದಳು. ಬೂಸ್ಟಿನ ಕಡೆಯವರಿಗೆ ಮಾತ್ರ ಬೇಕೆಂದೇ ಕೊನೆಯ ಪಂಕ್ತಿಯಲ್ಲಿ ಬಡಿಸಿದಳು, ಅದೂ ತಳದ ನೀರು.

ಮರುದಿನ ಗಿಡಗಳು ತಲೆಯೆತ್ತಿದ್ದವು. ಫೋನಿನಲ್ಲಿ ಯಜಮಾನ ಏದುಸಿರು ಬಿಡುತ್ತಿದ್ದ.

"ಮಾತಿಗೆ ಮಾತು ಬೆಳೀತು ಕಣವ್ವ. ಬೀಗರ ಪೈಕಿ ಒಬ್ರೂ ಉಳೀನಿಲ್ಲ. ಮಗಳಿಗೆ ಬೇರೆ ಗಂಡು ನೋಡ್ಬೇಕು. ನಿಮ್ ಪಕ್ಕದ ಹೊಲ್ದೋರು ಎಂಥ ಜನ?"